ಮಾತೆಂಬ ಮದ್ದಿನ ಪರೀಕ್ಷೆ

ಎದೆಯ ಭಾರವನ್ನು ಆಪ್ತರೊಡನೆ ಹೇಳಿಕೊಂಡರೆ ಹಗುರವಾಗುತ್ತದೆ ಎಂಬುದು ನಮಗೆಲ್ಲ ತಿಳಿದ ಅನುಭವ. ಆದರೆ ಅನುಭವವನ್ನೇ ಪ್ರಮಾಣವೆಂದು ವಿಜ್ಞಾನ ಒಪ್ಪದು. ಮಾತಿನಿಂದ ಮನಸ್ಸಿನ ಬೇನೆ ವಾಸಿಯಾಗುವುದು ದಿಟವೇ? ಆಗುವುದಾದರೆ ಅದನ್ನು ಅಳೆಯುವುದು ಹೇಗೆ? ಮನೋಚಿಕಿತ್ಸೆಯ ಸಂಶೋಧನೆಯ ಇತಿಹಾಸವೆಲ್ಲ ಈ ಪ್ರಶ್ನೆಗಳ ಸುತ್ತ ಬೆಳೆದಿದೆ.

1895ರಲ್ಲಿ ವಿಯೆನ್ನಾದ ವೈದ್ಯರಾದ ಬ್ರಾಯರ್ ಮತ್ತು ಫ್ರಾಯ್ಡ್ ಹಿಸ್ಟೀರಿಯಾ ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದಾಗ ಅವರ ಬಳಿಯಿದ್ದ ಆಧಾರ ಕೆಲವೇ ರೋಗಿಗಳ ವೃತ್ತಾಂತ. ಮುಚ್ಚಿದ ಕೋಣೆಯಲ್ಲಿ ನಡೆದುದನ್ನು ವೈದ್ಯನು ಹೇಳಬೇಕು, ಲೋಕ ನಂಬಬೇಕು. ಆ ಬಾಗಿಲನ್ನು ತೆರೆದವರು ಅಮೆರಿಕದ ಕಾರ್ಲ್ ರೋಜರ್ಸ್. ಚಿಕಿತ್ಸೆಯ ಸಂಭಾಷಣೆಗಳನ್ನು ಧ್ವನಿಮುದ್ರಿಸಿ, ಒಬ್ಬ ರೋಗಿಯೊಡನೆ ನಡೆದ ಮಾತುಕತೆಯನ್ನು 1942ರ ತಮ್ಮ ಗ್ರಂಥದಲ್ಲಿ ಅವರು ಅಕ್ಷರಶಃ ಅಚ್ಚು ಹಾಕಿಸಿದರು.

ಹತ್ತು ವರ್ಷಗಳ ತರುವಾಯ, 1952ರಲ್ಲಿ, ಲಂಡನ್ನಿನ ಹ್ಯಾನ್ಸ್ ಐಸೆಂಕ್ ಕಠೋರವಾದ ಮಾತೊಂದನ್ನಾಡಿದರು: ಇಂಥ ರೋಗಿಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ಎರಡು ವರ್ಷಗಳೊಳಗೆ ಹೇಗೂ ಚೇತರಿಸಿಕೊಳ್ಳುತ್ತಾರೆ, ಚಿಕಿತ್ಸೆಯಿಂದ ಅದಕ್ಕೂ ಮಿಗಿಲಾದ ಫಲವಿದೆಯೆಂಬುದು ಸಿದ್ಧವಾಗಿಲ್ಲ. ಅವರ ಲೆಕ್ಕಾಚಾರವನ್ನು ಹಲವರು ಪ್ರಶ್ನಿಸಿದರು. ಆದರೂ ಈ ಶಾಸ್ತ್ರಕ್ಕೆ ಅವರಷ್ಟು ಉಪಕಾರ ಮಾಡಿದ ವಿರೋಧಿ ಇನ್ನೊಬ್ಬನಿಲ್ಲವೆಂದೇ ನನ್ನ ಭಾವನೆ. ಚಿಕಿತ್ಸೆ ಪಡೆದವರನ್ನು ಪಡೆಯದವರೊಡನೆ ಹೋಲಿಸಿ ನೋಡುವ ಶಿಸ್ತು ಆಮೇಲೆ ಬಲಗೊಂಡಿತು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಅಂಥ 375 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದರು. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯ ಸ್ಥಿತಿ, ಪಡೆಯದವರಲ್ಲಿ ನೂರಕ್ಕೆ 75 ಮಂದಿಯ ಸ್ಥಿತಿಗಿಂತ ಉತ್ತಮವಾಗಿತ್ತು. ಪಂಥ ಪಂಥಗಳ ನಡುವಿನ ಅಂತರ ಮಾತ್ರ ಅಲ್ಪವಾಗಿತ್ತು.

ಹಾಗಾದರೆ ಗುಣ ಮಾಡುವುದು ಯಾವುದು? ಸಿದ್ಧಾಂತವೋ, ರೋಗಿ ಮತ್ತು ಚಿಕಿತ್ಸಕರ ನಡುವಣ ವಿಶ್ವಾಸವೋ? ಈ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮ ದೇಶದಲ್ಲಿ ಇದು ಕೇವಲ ಪಂಡಿತರ ವಾದವಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಮಾನಸಿಕ ಕಾಯಿಲೆಯುಳ್ಳ ನೂರು ಮಂದಿಯಲ್ಲಿ 80ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅಷ್ಟು ಜನಕ್ಕೆ ತಜ್ಞರನ್ನು ಎಲ್ಲಿಂದ ತರೋಣ?

ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು ದಾರಿ ತೋರುತ್ತದೆ. ಮನೋವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯುಳ್ಳವರೊಡನೆ ಆರರಿಂದ ಎಂಟು ಬಾರಿ ಮಾತುಕತೆ ನಡೆಸಲು ಕಳುಹಿಸಿದರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು: ಮೂರು ತಿಂಗಳಲ್ಲಿ ಅವರ ಪೈಕಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು; ವೈದ್ಯರ ಎಂದಿನ ಆರೈಕೆಯನ್ನಷ್ಟೇ ಪಡೆದವರಲ್ಲಿ 39 ಮಂದಿ.

ಯಾರಿಗೆ, ಯಾರಿಂದ, ಯಾವ ಮಾತು ಹಿತ, ಯಾರಿಗೆ ಅಹಿತ? ಮುಂದಿನ ಸಂಶೋಧನೆ ಉತ್ತರಿಸಬೇಕಾದ ಪ್ರಶ್ನೆಗಳಿವು. ಮಾತಿಗೆ ಮದ್ದಿನ ಗುಣವಿದೆಯೆಂದು ತಿಳಿದ ಮೇಲೆ, ಅದು ಹಳ್ಳಿಯ ಕೊನೆಯ ಮನೆಗೂ ತಲುಪುವಂತೆ ಮಾಡುವ ಹೊಣೆ ನಮ್ಮೆಲ್ಲರದು.