ಕದ ಹಾಕಿಕೊಂಡು ಬಾಳುವ ಜೇಡ: ಸಾಕುವ ಮುನ್ನ ವರ್ಷ ಎಣಿಸಿ

ಸೆಪ್ಟೆಂಬರ್ ಕಳೆದು ಅಕ್ಟೋಬರ್ ಬಂತೆಂದರೆ ಲಿವರ್‌ಮೋರ್‌ನಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಜೇಡದ ಫೋಟೋ ಶುರುವಾಗುತ್ತವೆ. "ಗ್ಯಾರೇಜಲ್ಲಿ ಸಿಕ್ತು, ವಿಷದ್ದಾ?" "ಡೆಲ್ ವಾಲೆ ಪಾರ್ಕಲ್ಲಿ ದಾರಿ ಮೇಲೆ ನಡೀತಿತ್ತು, ಅಂಗೈ ಅಗಲ ಇದೆ!" ಈಗೀಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: "ಮಗ ಟ್ರ್ಯಾಪ್‌ಡೋರ್ ಜೇಡ ಸಾಕ್ತೀನಿ ಅಂತ ಹಟ ಹಿಡಿದಿದ್ದಾನೆ, ಏನ್ ಮಾಡೋದು?" ನಾವು ಲೆಕ್ಕ ಬರೆಯುವ ಕೆಲಸದವರು, ಜೇಡದ ಪಂಡಿತರಲ್ಲ. ಆದರೂ ಈ ಪ್ರಶ್ನೆಯಲ್ಲಿ ಒಂದು ಲೆಕ್ಕವಿದೆ. ಅದಕ್ಕೇ ಈ ಬರಹ.

ಮೊದಲು ಗುರುತು

ದಾರಿ ಮೇಲೆ ನಡೆಯುವ ದೊಡ್ಡ, ರೋಮದ ಜೇಡ ಟ್ರ್ಯಾಪ್‌ಡೋರ್ ಅಲ್ಲ, ಟರಾಂಟುಲಾ. ಮೌಂಟ್ ಡಯಾಬ್ಲೊ, ಡೆಲ್ ವಾಲೆ ಕಡೆಯ ಒಣ ಹುಲ್ಲುಗುಡ್ಡಗಳಲ್ಲಿ ಗಂಡುಗಳು ಶರತ್ಕಾಲದಲ್ಲಿ ಹೆಣ್ಣನ್ನು ಹುಡುಕಿಕೊಂಡು ಹೊರಬೀಳುತ್ತವೆ. ಟರಾಂಟುಲಾದ ಬಿಲಕ್ಕೆ ಕದ ಇರುವುದಿಲ್ಲ.

ಟ್ರ್ಯಾಪ್‌ಡೋರ್ ಜೇಡ ಇದಕ್ಕಿಂತ ಚಿಕ್ಕದು. ಮೈ ನುಣುಪು, ಎಣ್ಣೆ ಸವರಿದ ಹಾಗೆ ಹೊಳಪು, ಕಂದು ಇಲ್ಲವೆ ಕಪ್ಪು ಬಣ್ಣ, ಕಾಲು ಗಿಡ್ಡ. ಮಣ್ಣಿನ ಧರೆಯಲ್ಲಿ ಬಿಲ ತೋಡಿ, ಒಳಗೆ ರೇಷ್ಮೆಯ ಗಿಲಾವು ಮಾಡಿ, ಬಾಯಿಗೆ ಮಣ್ಣು, ನೂಲು ಸೇರಿಸಿ ಕೀಲಿನ ಮೇಲೆ ತಿರುಗುವ ಮುಚ್ಚಳ ಕೂರಿಸುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಬೋತ್ರಿಯೊಸಿರ್ಟಮ್ ಜಾತಿಯ ಮುಚ್ಚಳ ಬಾಟಲಿಯ ಬಿರಡೆಯಷ್ಟು ದಪ್ಪ. ಆಪ್ಟೊಸ್ಟೈಕಸ್, ಆಲಿಯಾಟಿಪಸ್ ಗುಂಪಿನವುಗಳದ್ದು ತೆಳ್ಳಗೆ, ಹಪ್ಪಳದಂತೆ. ಬೇ ಏರಿಯಾದ ಕಾಡಿನ ತೊರೆದಂಡೆಗಳಲ್ಲಿ ಇವುಗಳ ಬಂಧುವಾದ ಟರೆಟ್ ಜೇಡವಿದೆ. ಅದು ಕದ ಇಡುವುದಿಲ್ಲ, ಬಿಲದ ಬಾಯಿಗೆ ಪುಟ್ಟ ಗೋಪುರ ಕಟ್ಟುತ್ತದೆ.

ಮನೆಯೊಳಗೆ, ಈಜುಕೊಳದಲ್ಲಿ ಸಿಗುವವು ಹೆಚ್ಚಾಗಿ ಅಲೆಯಲು ಹೊರಟ ಗಂಡುಗಳು. ನಮ್ಮ ಭಾಗದ ಇವು ಕಚ್ಚಿದರೆ ನೋಯಬಹುದು, ಜೀವಕ್ಕೆ ಅಪಾಯವಿಲ್ಲ. ಹೆದರಬೇಕಾದ್ದು ಗ್ಯಾರೇಜಿನ ಮೂಲೆಯಲ್ಲಿ ಅಡ್ಡಾದಿಡ್ಡಿ ಬಲೆ ಕಟ್ಟಿ ಕೂತ, ಹೊಟ್ಟೆಯಡಿ ಕೆಂಪು ಗುರುತಿರುವ ಬ್ಲ್ಯಾಕ್ ವಿಡೋಗೆ. ಲೋಟ ಮುಚ್ಚಿ, ಅಡಿಗೆ ರಟ್ಟು ತೂರಿಸಿ, ಹೊರಗೆ ಬಿಟ್ಟರೆ ಟ್ರ್ಯಾಪ್‌ಡೋರ್ ಗಂಡಿನ ಕಥೆ ಮುಗಿಯಿತು.

ಜಾತಿ ಇಂಥದ್ದೇ ಎಂದು ಫೋಟೋ ನೋಡಿ ಹೇಳುವುದು ಪರಿಣತರಿಗೂ ಕಷ್ಟ. ಜೇಸನ್ ಬಾಂಡ್ ಎಂಬ ವಿಜ್ಞಾನಿ 2012ರಲ್ಲಿ ಆಪ್ಟೊಸ್ಟೈಕಸ್ ಗುಂಪಿನಲ್ಲೇ 33 ಹೊಸ ಜಾತಿಗಳನ್ನು ಹೆಸರಿಸಿದರು. ಅದರಲ್ಲಿ ಒಂದಕ್ಕೆ ಆಗಿನ ಅಧ್ಯಕ್ಷ ಬರಾಕ್ ಒಬಾಮಾ ಹೆಸರು! ಮಾಂಟೆರೆ ಕೌಂಟಿಯ ಮಾಸ್ ಲ್ಯಾಂಡಿಂಗ್ ಕಡಲತೀರದ ಜೇಡವೊಂದು ಪೂರ್ತಿ ಹೊಸ ಕುಲ ಎಂದು ಗೊತ್ತಾದದ್ದು 2020ರಲ್ಲಿ. ಊರ ಕಡೆಯೂ ಹಾಗೇ. ನಮ್ಮ ಉತ್ತರ ಕನ್ನಡದ ಜೋಯಿಡಾದ ಹೆಸರು ಹೊತ್ತ ಇಡಿಯೋಪ್ಸ್ ಜೋಯಿಡಾ ಎಂಬ ಟ್ರ್ಯಾಪ್‌ಡೋರ್ ಜೇಡ ವಿಜ್ಞಾನಕ್ಕೆ ಪರಿಚಯವಾದದ್ದು 2013ರಲ್ಲಿ. ಮಲೆನಾಡಿನವರು ಚಿಕ್ಕಂದಿನಲ್ಲಿ ಇಂಥ ಧರೆಗಳ ಪಕ್ಕದಲ್ಲೇ ಶಾಲೆಗೆ ನಡೆದಿರುತ್ತಾರೆ, ಕದ ಮುಚ್ಚಿದ್ದರಿಂದ ಕಂಡಿರುವುದಿಲ್ಲ ಅಷ್ಟೆ.

ಸಾಕುವುದು ಹೇಗೆ

ಕೆಲಸ ಕಡಿಮೆ, ಖರ್ಚೂ ಕಡಿಮೆ. ಅಗಲಕ್ಕಿಂತ ಆಳವಿರುವ, ಗಾಳಿಯಾಡುವ ಡಬ್ಬಿ ಬೇಕು. ಬಲಿತ ಜೇಡಕ್ಕೆ 20–25 ಸೆಂಟಿಮೀಟರ್ ಮಣ್ಣು ಹಾಕಿ, ಒತ್ತಿ ಗಟ್ಟಿ ಮಾಡಿ. ಸಡಿಲ ಮಣ್ಣಲ್ಲಿ ಬಿಲ ಕುಸಿಯುತ್ತದೆ. ಪೆನ್ಸಿಲಿನಿಂದ ಒಂದು ತೂತು ಮಾಡಿಕೊಟ್ಟರೆ ಅಲ್ಲಿಂದ ಮುಂದೆ ಅದೇ ತೋಡಿಕೊಳ್ಳುತ್ತದೆ. ಅಡಿಯ ಮಣ್ಣು ಸ್ವಲ್ಪ ತೇವ ಇರಲಿ, ಮೇಲಿನದು ಒಣಗಿದರೂ ಸರಿ. ವಾರಕ್ಕೋ ಎರಡು ವಾರಕ್ಕೋ ಅದರ ಮೈಗಿಂತ ಚಿಕ್ಕ ಮಿಡತೆಯೋ ಜೀರುಂಡೆಯೋ ಸಾಕು. ತಿನ್ನದೆ ಬಿಟ್ಟದ್ದನ್ನು ಮಾರನೇ ದಿನ ತೆಗೆದುಬಿಡಿ. ಕದಕ್ಕೆ ನೂಲು ಹೊಡೆದು ವಾರಗಟ್ಟಲೆ ಬಂದ್ ಮಾಡಿಕೊಂಡರೆ ಪೊರೆ ಕಳಚುತ್ತಿರಬಹುದು. ಬದುಕಿದೆಯೋ ಇಲ್ಲವೋ ಅಂತ ಅಗೆದು ನೋಡಬಾರದು.

ಮಕ್ಕಳಿಗೆ ಮೊದಲೇ ಹೇಳಿಬಿಡಿ: ಇದು ಕೈಮೇಲೆ ಆಡಿಸುವ ಪ್ರಾಣಿಯಲ್ಲ. ಹಗಲೆಲ್ಲ ಕಾಣುವುದು ಡಬ್ಬಿಯ ತುಂಬ ಮಣ್ಣು. ರಾತ್ರಿ ದೀಪ ಆರಿಸಿ ಕೂತರೆ ಕದ ಕೂದಲೆಳೆಯಷ್ಟು ತೆರೆದು ಎರಡು ಮುಂಗಾಲು ಕಾಣಬಹುದು. ಅಷ್ಟಕ್ಕೆ ಖುಷಿಪಡುವ ಮಗುವಾದರೆ ಮುಂದಿನ ಮಾತು.

ಗುಡ್ಡದಿಂದ ಅಗೆದು ತರಬೇಡಿ

ಈಸ್ಟ್ ಬೇ ಪಾರ್ಕುಗಳಲ್ಲಿ, ರಾಜ್ಯದ ಪಾರ್ಕುಗಳಲ್ಲಿ ಪ್ರಾಣಿ, ಗಿಡ ಯಾವುದನ್ನೂ ಎತ್ತಿಕೊಂಡು ಬರುವಂತಿಲ್ಲ. ಕಾನೂನು ಬಿಟ್ಟು ನೋಡಿದರೂ ಇದು ಸರಿಯಲ್ಲ. ಹೆಣ್ಣು ಜೇಡ ಮರಿಯಾಗಿದ್ದಾಗ ತೋಡಿದ ಬಿಲವನ್ನೇ ವರ್ಷವರ್ಷ ಅಗಲ ಮಾಡಿಕೊಂಡು ಬದುಕುತ್ತದೆ. ಅನೇಕ ಜಾತಿಗಳ ಮರಿಗಳು ತಾಯಿಯ ಅಕ್ಕಪಕ್ಕದಲ್ಲೇ ನೆಲೆಯೂರುವುದರಿಂದ, ಒಂದು ಧರೆಯಲ್ಲಿ ನಾಲ್ಕು ಹೆಣ್ಣು ಕಿತ್ತರೆ ಆ ಧರೆಯೇ ಖಾಲಿಯಾಗಬಹುದು. ಸಾಕಲೇಬೇಕು ಅಂದರೆ ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ರಸೀದಿ ಸಮೇತ ಕೊಳ್ಳಿ.

ಊರಿಂದ ತರುವ ಯೋಚನೆಯಂತೂ ಬೇಡವೇ ಬೇಡ. ಜೀವಂತ ವನ್ಯಜೀವಿ ಅಮೆರಿಕಕ್ಕೆ ಬರಬೇಕಾದರೆ ಫಿಶ್ ಅಂಡ್ ವೈಲ್ಡ್‌ಲೈಫ್ ಇಲಾಖೆಗೆ ಘೋಷಣೆ ಕೊಡಬೇಕು. ಪಶ್ಚಿಮ ಘಟ್ಟದಲ್ಲೂ ಇರುವ ಪೊಯಿಸಿಲೊಥೀರಿಯಾ ಟರಾಂಟುಲಾಗಳು 2019ರಿಂದ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿವೆ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ತರೋದೇ ಕಷ್ಟ, ಜೇಡದ ಡಬ್ಬಿ ಸಿಕ್ಕಿಬಿದ್ದರೆ ವೀಸಾಕ್ಕೂ ತೊಂದರೆಯಾದೀತು.

ಇನ್ನು ಲೆಕ್ಕ

ಗಂಡು ಬಲಿತ ಮೇಲೆ ಹೆಚ್ಚು ಕಾಲ ಇರುವುದಿಲ್ಲ. ಹೆಣ್ಣಿನ ಆಯುಷ್ಯ ಬೇರೆಯೇ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೈನ್ ಎಂಬ ವಿಜ್ಞಾನಿ 1974ರಲ್ಲಿ ಬಿಲಗಳಿಗೆ ನಂಬರ್ ಹಾಕಿ ಗಮನಿಸತೊಡಗಿದರು. ಅದರಲ್ಲಿ 16ನೇ ನಂಬರಿನ ಹೆಣ್ಣು ಒಂದೇ ಬಿಲದಲ್ಲಿ 43 ವರ್ಷ ಬಾಳಿತು. 2016ರಲ್ಲಿ ನೋಡಿದಾಗ ಮುಚ್ಚಳಕ್ಕೆ ಕಣಜ ಕೊರೆದ ತೂತಿತ್ತು, ಜೇಡ ಇರಲಿಲ್ಲ. ಎಲ್ಲ ಜಾತಿಯೂ ಅಷ್ಟು ಬದುಕುವುದಿಲ್ಲ. ಆದರೆ ಹತ್ತು ಹದಿನೈದು ವರ್ಷ ಹಿಡಿದೇ ಲೆಕ್ಕ ಹಾಕಬೇಕು.

ನಮ್ಮಲ್ಲಿ ಎಷ್ಟು ಜನಕ್ಕೆ ಒಂದೇ ಮನೆಯಲ್ಲಿ ಹತ್ತು ವರ್ಷದ ಖಾತ್ರಿ ಇದೆ? ಎಚ್‌-1ಬಿ ಮೇಲಿರುವವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಕಾರು ಮಾರಬಹುದು, ಸೋಫಾ ಕೊಡಬಹುದು. ಡಬ್ಬಿಯ ಜೇಡವನ್ನು ಗುಡ್ಡಕ್ಕೆ ಬಿಟ್ಟು ಹೋಗುವಂತಿಲ್ಲ. ಅಂಗಡಿಯ ಪರದೇಶದ ಜಾತಿ ಇಲ್ಲಿನ ಮಣ್ಣಿಗೆ ಸೇರಿದ್ದಲ್ಲ.

ಆದ್ದರಿಂದ ಕೊಳ್ಳುವ ಮುನ್ನ ಮೂರು ವಿಷಯ ನೋಡಿ. ಬಾಡಿಗೆ ಕರಾರಿನಲ್ಲಿ ಸಾಕುಪ್ರಾಣಿಯ ಷರತ್ತು ಏನಿದೆ? ರಜೆಗೆ ಊರಿಗೆ ಹೋದಾಗ ನೀರು ಚಿಮುಕಿಸುವವರು ಯಾರು? ದೇಶ ಬಿಡಬೇಕಾದರೆ ಜೇಡವನ್ನು ವಹಿಸಿಕೊಳ್ಳುವವರ ಒಪ್ಪಿಗೆ ಈಗಲೇ ಸಿಕ್ಕಿದೆಯಾ? ಮೂರಕ್ಕೂ ಉತ್ತರವಿದ್ದರೆ ಧಾರಾಳವಾಗಿ ಸಾಕಿ.

ಇಲ್ಲದಿದ್ದರೆ ಮಳೆ ಬಿದ್ದ ಮೇಲೆ ಮಕ್ಕಳನ್ನು ಕರೆದುಕೊಂಡು ಸಿಕಮೋರ್ ಗ್ರೋವ್ ಕಡೆ ಹೋಗಿ. ದಾರಿ ಬಿಡದೆ, ಟಾರ್ಚ್ ಹಿಡಿದು ಧರೆಯ ಪಾಚಿಯ ನಡುವೆ ಗುಂಡನೆಯ ಗೆರೆ ಹುಡುಕಿ. ಸಿಕ್ಕರೆ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿ, ತಿಳಿದವರು ಗುರುತು ಹೇಳುತ್ತಾರೆ. ಕದ ಮಾತ್ರ ಎಬ್ಬಿಸಬೇಡಿ. ಮುಂದಿನ ವರ್ಷ ಹೋದಾಗಲೂ ಅದು ಅಲ್ಲೇ ಇರಬಹುದು, ನಿಮ್ಮ ಮಗು ಕಾಲೇಜಿಗೆ ಹೋಗುವಾಗಲೂ.