ಗಾಡಿ ಟ್ಯೂನಿಂಗ್‌ಗೆ ಆಕ್ಸಿಜನ್ ಸೆನ್ಸರ್: ಯಾವುದು ತಗೋಬೇಕು, ಯಾವುದು ದಂಡ?

ಹಳೇ ಕಾರಿಗೆ ಕಾರ್ಬೊರೇಟರ್ ಜೆಟ್ ಬದಲಿಸುವವರು, ಹೊಸದಕ್ಕೆ ಇಸಿಯು ರೀಮ್ಯಾಪ್ ಮಾಡಿಸುವವರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಪಿಕಪ್ ಬಂತು ಅಂತ ಖುಷಿಪಡುವ ಮೊದಲು ಒಂದು ವಿಷಯ ನೋಡಲೇಬೇಕು: ಎಂಜಿನ್ನಿಗೆ ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಹೋಗ್ತಿದೆ ಅನ್ನೋದು.

ಎಥೆನಾಲ್ ಬೆರೆಸದ 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದರೆ 'ರಿಚ್'. ಮೈಲೇಜ್ ಬೀಳುತ್ತೆ, ಪ್ಲಗ್ ಕಪ್ಪಾಗುತ್ತೆ. ಕಡಿಮೆಯಾದರೆ 'ಲೀನ್'. ಲೋಡ್ ಹಾಕಿಕೊಂಡು ಘಾಟಿ ಏರುವಾಗ ಲೀನ್ ಆದರೆ ಶಾಖ ಏರಿ, ನಾಕಿಂಗ್ ಶುರುವಾಗಿ ವಾಲ್ವ್, ಪಿಸ್ಟನ್ನಿಗೇ ಕುತ್ತು. ಅಲ್ಲಿಗೆ ಎಂಜಿನ್ ಬಿಚ್ಚಿಸಿದ ಹಾಗೆಯೇ.

ಬಹಳಷ್ಟು ಕಾರುಗಳಲ್ಲಿ ಕಂಪನಿಯೇ ಕೊಟ್ಟಿರುವ ಸೆನ್ಸರ್ 'ನ್ಯಾರೋಬ್ಯಾಂಡ್'. ಇದು ಸುಮಾರು 0.1ರಿಂದ 0.9 ವೋಲ್ಟ್ ಕೊಡುತ್ತೆ, 14.7ರ ಆಸುಪಾಸಿನಲ್ಲಿ ಮಾತ್ರ ಧಡಕ್ಕನೆ ಬದಲಾಗುತ್ತೆ. ಮಿಶ್ರಣ 13 ಇದ್ದರೂ 11.5 ಇದ್ದರೂ ಹೆಚ್ಚುಕಡಿಮೆ ಒಂದೇ ವೋಲ್ಟ್. ಮಳೆ ಬಂತಾ ಇಲ್ವಾ ಅಂತ ಹೇಳುತ್ತೆ, ಎಷ್ಟು ಮಿಲಿಮೀಟರ್ ಅಂತ ಹೇಳಲ್ಲ. ಇದಕ್ಕೇ ಜೋಡಿಸುವ, ಬಣ್ಣದ ಲೈಟ್ ಓಡುವ ಅಗ್ಗದ ಗೇಜ್ ಡ್ಯಾಶ್‌ಬೋರ್ಡ್‌ಗೆ ಅಲಂಕಾರ ಅಷ್ಟೇ.

ಟ್ಯೂನಿಂಗ್‌ಗೆ ಬೇಕಿರೋದು 'ವೈಡ್‌ಬ್ಯಾಂಡ್'. ಗೇಜ್‌ಗಳ ಜೊತೆ ಹೆಚ್ಚಾಗಿ ಸಿಗುವುದು ಬಾಷ್‌ನ ಎಲ್‌ಎಸ್‌ಯು 4.2 ಮತ್ತು 4.9. ಹಳೇ 4.2 ಸೆನ್ಸರನ್ನು ಆಗಾಗ ಬಿಚ್ಚಿ ಬಯಲು ಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡಬೇಕು. 4.9ಕ್ಕೆ ಆ ತಲೆನೋವಿಲ್ಲ, ಹಾಗಾಗಿ ಅದಿರುವ ಗೇಜೇ ವಾಸಿ. ಸೆನ್ಸರ್ ಸವೆಯುವ ಸಾಮಾನು. ಬಿಡಿಯಾಗಿ ಸಿಗುತ್ತಾ ಅಂತ ಮೊದಲೇ ವಿಚಾರಿಸಿ. 0-5 ವೋಲ್ಟ್ ಔಟ್‌ಪುಟ್ ವೈರ್ ಕೂಡ ಇರಲಿ. ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿ ಆಮೇಲೆ ನೋಡಬಹುದು, ಗಾಡಿ ಓಡಿಸ್ತಾ ಮೀಟರ್ ನೋಡೋದು ಅಪಾಯ.

ಇನ್ನೊಂದು ಮುಖ್ಯ ವಿಷಯ ಪೆಟ್ರೋಲ್ ಬಂಕ್‌ನದ್ದು. ಈಗ ಸಿಗುತ್ತಿರುವ ಇ20 ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತೆ. ಅದಕ್ಕೆ ಸರಿಯಾದ ಲೆಕ್ಕ 14.7 ಅಲ್ಲ, ಸುಮಾರು 13.5. ಆದರೆ ಪೆಟ್ರೋಲ್‌ಗೆ ಸೆಟ್ ಮಾಡಿದ ಗೇಜ್ ಆಗಲೂ 14.7 ಅಂತಲೇ ತೋರಿಸುತ್ತೆ! ಅದಕ್ಕೇ 'ಲ್ಯಾಂಬ್ಡಾ' ತೋರಿಸುವ ಗೇಜ್ ತಗೊಳ್ಳಿ. ಯಾವ ಇಂಧನವಾದರೂ ಲ್ಯಾಂಬ್ಡಾ 1.00 ಅಂದರೆ ಸರಿಸಮ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಫುಲ್ ಆಕ್ಸಿಲರೇಟರ್‌ನಲ್ಲಿ ಸಾಮಾನ್ಯವಾಗಿ 0.85ರಿಂದ 0.90 ಇಡ್ತಾರೆ. ಡೀಸೆಲ್ ಗಾಡಿಯವರು ಈ ನಂಬರ್ ಹಿಡಿದು ಹೊರಡಬೇಡಿ, ಅದರ ಲೆಕ್ಕವೇ ಬೇರೆ.

ಸೆನ್ಸರ್ ಕೂರುವ ಜಾಗ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ, ಪೈಪ್‌ನ ಮೇಲ್ಭಾಗದಲ್ಲಿ. ಕೆಳಗೆ ಹಾಕಿದರೆ ನೀರು ನಿಂತು ಸೆನ್ಸರ್ ಹೋಗುತ್ತೆ. ಅದರ ಹತ್ತಿರ ಸೈಲೆನ್ಸರ್ ಪೈಪ್ ಲೀಕ್ ಇದ್ದರೆ ಹೊರಗಿನ ಗಾಳಿ ಸೇರಿ ಸುಳ್ಳು ಲೀನ್ ತೋರಿಸುತ್ತೆ. ಸಿಕ್ಕ ಸಿಕ್ಕ ಸಿಲಿಕಾನ್ ಗಮ್ ಹಚ್ಚಿದರೂ ಸೆನ್ಸರ್‌ಗೆ ವಿಷವೇ. ಗೇಜ್‌ನ ವೈರ್ ಕಿತ್ತು ಸೆನ್ಸರ್ ಮಾತ್ರ ಪೈಪ್‌ನಲ್ಲಿ ಬಿಟ್ಟು ಓಡಿಸುವಂತಿಲ್ಲ, ಹೀಟರ್ ಇಲ್ಲದೆ ಮಸಿ ಕಟ್ಟಿ ಹಾಳಾಗುತ್ತೆ.

ಹೊಸದು ಹಾಕಲು ಕಂಪನಿ ಸೆನ್ಸರ್ ಮಾತ್ರ ಬಿಚ್ಚಿಸಬೇಡಿ. ಇಸಿಯು ಅದನ್ನೇ ನಂಬಿರುತ್ತೆ, ತೆಗೆದರೆ ಚೆಕ್ ಎಂಜಿನ್ ಲೈಟ್ ಬರುತ್ತೆ. ವೈಡ್‌ಬ್ಯಾಂಡ್‌ಗೆ ಬೇರೆಯೇ 18 ಎಂಎಂ ನಟ್ ವೆಲ್ಡ್ ಮಾಡಿಸಿ.