ಮಠ, ಚರ್ಚ್, ಮದರಸಾದಲ್ಲಿ ಮಗುವಿನ ದೂರು: ‘ಕೂತು ಮಾತಾಡಿ’ ಮುಗಿಸೋಕೆ ಕಾನೂನು ಬಿಡುತ್ತಾ?

ದೇವಸ್ಥಾನ ಕಮಿಟಿ, ಮಠದ ಟ್ರಸ್ಟ್, ಜಮಾತ್, ಚರ್ಚ್ ಸಮಿತಿ. ಹೆಸರು ಬೇರೆ ಬೇರೆ ಇದ್ದರೂ ತಾಲೂಕು ಮಟ್ಟದಲ್ಲಿ ಇವುಗಳಲ್ಲಿ ಕೂರುವವರು ನಮ್ಮ ನಿಮ್ಮ ಮಧ್ಯದವರೇ. ಬಟ್ಟೆ ಅಂಗಡಿಯವರು, ಗೊಬ್ಬರದ ಅಂಗಡಿಯವರು, ಅಕ್ಕಿ ಗಿರಣಿ ಮಾಲೀಕರು, ರಿಟೈರ್ಡ್ ಮೇಷ್ಟ್ರು. ಜಾತ್ರೆಯ ಲೆಕ್ಕ, ಉರುಸಿನ ಚಂದಾ, ಹಬ್ಬದ ಪೆಂಡಾಲ್ ಅಂತ ಓಡಾಡಿ ಅಭ್ಯಾಸ ಇರುವ ಜನ. ಜಾಗದ ತಕರಾರು, ಅಣ್ಣತಮ್ಮಂದಿರ ಪಾಲು, ಅಂಗಡಿ ಬಾಕಿ ಎಲ್ಲವನ್ನೂ ಕೂತು ಬಗೆಹರಿಸಿದವರು.

ಇಂಥವರ ಮುಂದೆ ಒಂದು ದಿನ ಒಬ್ಬ ತಾಯಿ ಬಂದು ‘ಹಾಸ್ಟೆಲ್‌ನಲ್ಲಿ ನನ್ನ ಮಗುಗೆ ಹಿಂಗೆ ಮಾಡಿದ್ದಾರೆ’ ಅಂತ ಕಣ್ಣೀರು ಹಾಕಿದರೆ ಏನಾಗುತ್ತೆ?

ಬಹುತೇಕ ಕಡೆ ಏನಾಗುತ್ತೆ ಅಂದ್ರೆ, ಮೊದಲು ಬಾಗಿಲು ಹಾಕ್ತಾರೆ. ‘ವಿಷಯ ಹೊರಗೆ ಹೋಗೋದು ಬೇಡಮ್ಮ, ನಾವಿದ್ದೀವಿ’ ಅಂತಾರೆ. ಹಾಗೆ ಹೇಳುವವರೆಲ್ಲ ಕೆಟ್ಟವರು ಅಂತಲ್ಲ. ಸಂಸ್ಥೆಯ ಮರ್ಯಾದೆ, ಮಗುವಿನ ಮುಂದಿನ ಮದುವೆ, ‘ಬೇರೆ ಧರ್ಮದವರು ಆಡ್ಕೋತಾರೆ’ ಅನ್ನೋ ಭಯ, ಎಲ್ಲ ಒಟ್ಟಿಗೆ ತಲೆಗೆ ಬರುತ್ತೆ. ಆರೋಪ ಹೊತ್ತವರನ್ನ ಕರೆಸಿ ವಿಚಾರಿಸ್ತಾರೆ. ಅವರು ಇಲ್ಲ ಅಂತಾರೆ. ನಾಲ್ಕು ದಿನ ಬಿಟ್ಟು ಅವರನ್ನ ಬೇರೆ ಊರಿಗೆ ಕಳಿಸ್ತಾರೆ, ಮಗುವಿಗೆ ಟಿಸಿ ಕೊಡ್ತಾರೆ. ಕಮಿಟಿ ಪ್ರಕಾರ ಅಲ್ಲಿಗೆ ಮುಗೀತು.

ಕಾನೂನಿನ ಪ್ರಕಾರ ಅಲ್ಲಿಂದ ಇನ್ನೊಂದು ಅಪರಾಧ ಶುರುವಾಯ್ತು. ಅದು ಕಮಿಟಿಯವರದ್ದು.

ವರ್ಗಾವಣೆ ಮಾಡಿದ್ರೆ ಏನಾಗುತ್ತೆ

‘ಊರು ಬಿಡಿಸಿದ್ದೀವಲ್ಲ, ಇನ್ನೇನು’ ಅನ್ನೋ ಲೆಕ್ಕ ಎಷ್ಟು ತಪ್ಪು ಅಂತ ಪ್ರಪಂಚಕ್ಕೆ ದಾಖಲೆ ಸಮೇತ ಗೊತ್ತಾಗಿದ್ದು ಅಮೆರಿಕದ ಬಾಸ್ಟನ್ ನಗರದಿಂದ. 2002ರ ಜನವರಿಯಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಒಂದು ತನಿಖಾ ವರದಿ ಹಾಕಿತು. ಜಾನ್ ಗೇಗನ್ ಎಂಬ ಪಾದ್ರಿಯ ಮೇಲೆ ಮೂವತ್ತು ವರ್ಷದ ಅವಧಿಯಲ್ಲಿ 130ಕ್ಕೂ ಹೆಚ್ಚು ಜನ ಬಾಲ್ಯದಲ್ಲಿ ದೌರ್ಜನ್ಯ ಆಯ್ತು ಅಂತ ಮುಂದೆ ಬಂದಿದ್ದರು. ಧರ್ಮಪ್ರಾಂತ್ಯದ ಹಿರಿಯರಿಗೆ ವಿಷಯ ಗೊತ್ತಿತ್ತು. ಚಿಕಿತ್ಸೆಗೆ ಕಳಿಸಿದರು, ರಜೆ ಕೊಟ್ಟರು, ಆಮೇಲೆ ಮತ್ತೊಂದು ಚರ್ಚಿಗೆ ಹಾಕಿದರು. ಹೊಸ ಚರ್ಚಿನ ಅಪ್ಪ ಅಮ್ಮಂದಿರಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಹೋದಲ್ಲೆಲ್ಲ ಹೊಸ ಮಕ್ಕಳು ಸಿಕ್ಕರು. ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಡಬೇಕಾಯ್ತು.

‘ನಾವೇ ಒಳಗೆ ವಿಚಾರಣೆ ಮಾಡ್ತೀವಿ’ ಅನ್ನೋರಿಗೆ ಇನ್ನೊಂದು ಉದಾಹರಣೆ ಆಸ್ಟ್ರೇಲಿಯಾದ್ದು. ಸಂಸ್ಥೆಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಅಲ್ಲಿನ ಸರ್ಕಾರ ನೇಮಿಸಿದ ರಾಯಲ್ ಕಮಿಷನ್ 2017ರವರೆಗೆ ವಿಚಾರಣೆ ನಡೆಸಿತು. ಯೆಹೋವನ ಸಾಕ್ಷಿಗಳು ಎಂಬ ಪಂಥದ ಕಡತಗಳನ್ನ ತರಿಸಿ ನೋಡಿದಾಗ, 1950ರಿಂದ 1,006 ಜನರ ಮೇಲೆ ಇಂಥ ಆರೋಪ ದಾಖಲಾಗಿತ್ತು. ಸಂಸ್ಥೆಯೇ ಪೊಲೀಸರಿಗೆ ತಿಳಿಸಿದ್ದು ಒಂದನ್ನೂ ಅಲ್ಲ. ಅವರ ಒಳಗಿನ ನಿಯಮದ ಪ್ರಕಾರ ಆರೋಪಿ ಒಪ್ಪದಿದ್ದರೆ ಎರಡು ಸಾಕ್ಷಿ ಬೇಕು. ಈ ಥರದ ಕೆಲಸವನ್ನ ಯಾರಾದರೂ ಎರಡನೇ ಸಾಕ್ಷಿ ಇಟ್ಟುಕೊಂಡು ಮಾಡ್ತಾರಾ? ನಮ್ಮ ಪಂಚಾಯಿತಿ ಕಟ್ಟೆಯಲ್ಲಿ ‘ನೋಡಿದೋರು ಯಾರಿದ್ದಾರೆ ಹೇಳು’ ಅಂತ ಮಗುವನ್ನ ನಿಲ್ಲಿಸಿ ಕೇಳೋದೂ ಅದೇ ನಿಯಮವೇ. ಬರೆದಿಟ್ಟಿಲ್ಲ, ಅಷ್ಟೇ.

ಪಕ್ಕದ ಕಣ್ಣೂರಿನಲ್ಲಿ ನಡೆದದ್ದು

ದೂರದ ದೇಶ ಬಿಡಿ. ಕೊಡಗಿನ ಗಡಿಗೆ ಅಂಟಿಕೊಂಡಿರುವ ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2017ರಲ್ಲಿ ಒಂದು ಪ್ರಕರಣ ಹೊರಬಂತು. ಅಪ್ರಾಪ್ತ ಹುಡುಗಿಯೊಬ್ಬಳು ಮಗು ಹೆತ್ತಿದ್ದಳು. ಮಗುವನ್ನ ಅನಾಥಾಲಯಕ್ಕೆ ಸಾಗಿಸಲಾಗಿತ್ತು. ಪೊಲೀಸರು ಬಂದಾಗ ಹುಡುಗಿಯ ತಂದೆ ‘ಇದಕ್ಕೆ ನಾನೇ ಕಾರಣ’ ಅಂತ ಹೇಳಿಬಿಟ್ಟರು. ಹೆತ್ತ ಅಪ್ಪ ಇಂಥ ಮಾತನ್ನ ತನ್ನ ತಲೆ ಮೇಲೆ ಹೊತ್ಕೋಬೇಕು ಅಂದ್ರೆ, ಸಮುದಾಯದ ಭಾರ ಎಷ್ಟಿರಬಹುದು ಅಂತ ಲೆಕ್ಕ ಹಾಕಿ. ಪೊಲೀಸರು ಕೆದಕಿದಾಗ ಸಿಕ್ಕಿದ್ದು ಚರ್ಚಿನ ಪಾದ್ರಿ. ವಿಮಾನ ನಿಲ್ದಾಣದ ದಾರಿಯಲ್ಲಿ ಆತನನ್ನ ಬಂಧಿಸಿದರು.

ವಿಚಾರಣೆ ವೇಳೆ ಹುಡುಗಿ, ಮನೆಯವರು ಹೇಳಿಕೆ ಬದಲಿಸಿದರು. ವಯಸ್ಸಾಗಿತ್ತು, ಒಪ್ಪಿಗೆ ಇತ್ತು ಅಂದರು. ಕೋರ್ಟ್ ಮಾತ್ರ ಜನನ ದಾಖಲೆ ಮತ್ತು ಡಿಎನ್‌ಎ ವರದಿ ಹಿಡಿದು 2019ರ ಫೆಬ್ರವರಿಯಲ್ಲಿ 20 ವರ್ಷ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟ್ ಅದನ್ನ 10 ವರ್ಷಕ್ಕೆ ಇಳಿಸಿತು. ಮಧ್ಯದಲ್ಲಿ ‘ಮದುವೆ ಆಗ್ತೀವಿ, ಬಿಡಿ’ ಅಂತ ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದರು. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಮ್ಮ ಕಡೆ ಎಷ್ಟೋ ಹಿರಿಯರ ಬತ್ತಳಿಕೆಯಲ್ಲಿರೋ ಕಡೆಯ ಬಾಣವೇ ಇದು: ‘ಮದುವೆ ಮಾಡಿಸಿಬಿಡೋಣ’. ಅದು ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಇದೇ ಪ್ರಕರಣದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪೊಲೀಸರಿಗೆ ತಿಳಿಸಲಿಲ್ಲ ಅಂತ ಆಸ್ಪತ್ರೆಯ ವೈದ್ಯರು ಮತ್ತು ಆಡಳಿತದವರ ಮೇಲೂ ಕೇಸ್ ಹಾಕಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಅವರನ್ನ ಕೈಬಿಟ್ಟಿತು. ಕಾನೂನು ಕೇಳೋದು ಗೊತ್ತಿದ್ದದ್ದನ್ನ ತಿಳಿಸಿ ಅಂತ, ನೀವೇ ತನಿಖೆ ಮಾಡಿ ಪತ್ತೆ ಹಚ್ಚಿ ಅಂತ ಅಲ್ಲ, ಅನ್ನೋದು ಅದರ ಸಾರ. ಕಮಿಟಿಯವರು ಇದನ್ನ ಗಮನಿಸಬೇಕು. ತಾಯಿ ಬಂದು ನಿಮ್ಮ ಮುಂದೆ ಹೇಳಿದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಅನ್ನೋಕೆ ಆಗಲ್ಲ. ಹಾಗಂತ ಸತ್ಯಾನಾ ಸುಳ್ಳಾ ಅಂತ ಸಾಬೀತು ಮಾಡೋ ಹೊಣೆಯೂ ನಿಮ್ಮದಲ್ಲ.

ಕಾಯ್ದೆ ಏನು ಹೇಳುತ್ತೆ

18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧಗಳಿಗೆ ಇರೋದು 2012ರ ಪೋಕ್ಸೊ ಕಾಯ್ದೆ. ಹುಡುಗ, ಹುಡುಗಿ ಇಬ್ಬರಿಗೂ ಅನ್ವಯ. ಹುಡುಗರ ವಿಷಯದಲ್ಲಿ ‘ಗಂಡು ಹುಡುಗ ತಾನೇ, ಏನಾಗುತ್ತೆ’ ಅನ್ನೋ ಮಾತು ಇನ್ನೂ ಇದೆ. ಕಾಯ್ದೆಯಲ್ಲಿ ಆ ಮಾತಿಗೆ ಜಾಗ ಇಲ್ಲ.

19ನೇ ಕಲಂ ಪ್ರಕಾರ ಇಂಥ ಅಪರಾಧ ನಡೆದಿದೆ ಅಂತ ಗೊತ್ತಿರುವ, ಅಥವಾ ನಡೆಯಬಹುದು ಅನ್ನೋ ಆತಂಕ ಇರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ‘ಯಾರೇ ಆಗಲಿ’ ಅನ್ನೋದರಲ್ಲಿ ಎಲ್ಲರೂ ಬಂದರು. ಸ್ವಾಮೀಜಿ, ಮೌಲ್ವಿ, ಪಾದ್ರಿ, ಅರ್ಚಕರಿಗೆ ಅಂತ ಆ ಕಲಂನಲ್ಲಿ ಪ್ರತ್ಯೇಕ ವಿನಾಯಿತಿ ಬರೆದಿಲ್ಲ. ತಿಳಿಸದೇ ಇದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲಾ ಎರಡೂ. ಸಂಸ್ಥೆಯ ಉಸ್ತುವಾರಿ ಹೊತ್ತವರು ತಮ್ಮ ಕೈಕೆಳಗಿನವರು ಮಾಡಿದ್ದನ್ನ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಟ್ರಸ್ಟ್ ಅಧ್ಯಕ್ಷರು, ಕಾರ್ಯದರ್ಶಿಗಳು ಈ ಸಾಲನ್ನ ಇನ್ನೊಂದು ಸಲ ಓದಿಕೊಂಡರೆ ಒಳ್ಳೇದು. ಮಾಹಿತಿ ಕೊಡದೇ ಇರೋದು ಗಂಭೀರ ಅಪರಾಧ ಅಂತ 2022ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಹಾಸ್ಟೆಲ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಧಾರ್ಮಿಕ ಸಂಸ್ಥೆ ಅನ್ನೋ ಕಾರಣಕ್ಕೆ ಕಾನೂನು ಮೆತ್ತಗಾಗಲ್ಲ, ಇನ್ನೂ ಗಟ್ಟಿಯಾಗುತ್ತೆ. ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆಯ ಆಡಳಿತದಲ್ಲಿರೋರು, ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಕೃತ್ಯ ಎಸಗಿದರೆ ಅದು ‘ಉಗ್ರ ಸ್ವರೂಪದ’ ಅಪರಾಧ. ಅತ್ಯಾಚಾರದಂಥ ಕೃತ್ಯಕ್ಕೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 20 ವರ್ಷ.

ರಾಜಿ ಪತ್ರದ ಕಥೆ? ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಪೋಕ್ಸೊ ಕೇಸನ್ನ ಹುಡುಗಿಯ ಮನೆಯವರ ಜೊತೆ ರಾಜಿ ಆಯ್ತು ಅಂತ ಹೈಕೋರ್ಟ್ ರದ್ದು ಮಾಡಿತ್ತು. ಪ್ರಕರಣದಲ್ಲಿ ಕಕ್ಷಿದಾರರೇ ಅಲ್ಲದ ಮೂರನೆಯವರೊಬ್ಬರು ಇದನ್ನ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶ ತಳ್ಳಿಹಾಕಿ ಕೇಸ್ ಮುಂದುವರಿಸಲು ಹೇಳಿತು. ಅಂದ್ರೆ ಛಾಪಾ ಕಾಗದದಲ್ಲಿ ಅಪ್ಪ ಸಹಿ ಹಾಕಿಕೊಟ್ಟರೂ ಕೇಸ್ ಮುಗಿಯಲ್ಲ. ಅಪರಾಧ ಆಗಿದ್ದು ಮಗುವಿನ ಮೇಲೆ, ಅಪ್ಪನ ಅಂಗಡಿ ಮೇಲಲ್ಲ.

ಫೋನ್ ಮಾಡಿದ ಮೇಲೆ

‘ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಮಗು ಗತಿ ಏನು’ ಅನ್ನೋ ಹೆದರಿಕೆಯೇ ಅರ್ಧ ಜನರನ್ನ ತಡೆಯೋದು. ನಿಜ ಹೇಳಬೇಕೆಂದರೆ ಮಗು ಸ್ಟೇಷನ್‌ಗೆ ಹೋಗಲೇಬೇಕು ಅಂತಿಲ್ಲ. ಮನೆಯಲ್ಲೋ, ಮಗುವಿಗೆ ಧೈರ್ಯ ಅನಿಸೋ ಜಾಗದಲ್ಲೋ ಹೇಳಿಕೆ ಪಡೆಯಬೇಕು. ಆದಷ್ಟೂ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಅದೂ ಸಮವಸ್ತ್ರ ಹಾಕದೆ. ರಾತ್ರಿ ಹೊತ್ತು ಮಗುವನ್ನ ಠಾಣೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಹುಡುಗಿಯಾದರೆ ವೈದ್ಯಕೀಯ ಪರೀಕ್ಷೆ ಮಾಡೋದು ಮಹಿಳಾ ವೈದ್ಯರು. 24 ಗಂಟೆಯೊಳಗೆ ಪೊಲೀಸರು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮತ್ತು ವಿಶೇಷ ನ್ಯಾಯಾಲಯಕ್ಕೆ ವರದಿ ಕೊಡಬೇಕು. ಕೋರ್ಟ್‌ನಲ್ಲಿ ಬಾಗಿಲು ಮುಚ್ಚಿದ ವಿಚಾರಣೆ. ಆರೋಪಿಯ ಮುಖ ಮಗುವಿಗೆ ಕಾಣದ ಹಾಗೆ ವ್ಯವಸ್ಥೆ ಇರಬೇಕು. ಕೇಸ್ ಮುಗಿಯೋವರೆಗೆ ಜೊತೆಗಿರೋಕೆ ಸಮಿತಿಯಿಂದ ಒಬ್ಬ ಬೆಂಬಲ ವ್ಯಕ್ತಿಯನ್ನ ಕೇಳಬಹುದು. ಇದು ಸಿಗುತ್ತೆ ಅನ್ನೋದೇ ಹೆಚ್ಚಿನವರಿಗೆ ಗೊತ್ತಿಲ್ಲ.

ಕಾಗದದಲ್ಲಿ ಇದ್ದದ್ದೆಲ್ಲ ಎಲ್ಲಾ ಠಾಣೆಯಲ್ಲೂ ಹಾಗೇ ನಡೆಯುತ್ತೆ ಅಂತೇನಿಲ್ಲ. ಆದರೆ ಕೇಳೋ ಹಕ್ಕು ನಿಮ್ಮದು.

ಸ್ಥಳೀಯ ಠಾಣೆಯವರು ಮಠಕ್ಕೋ ದರ್ಗಾಕ್ಕೋ ಚರ್ಚಿಗೋ ನಡೆದುಕೊಳ್ಳೋರು, ದೂರು ತಗೊಳ್ಳಲ್ಲ ಅನ್ನೋ ಅನುಮಾನ ಇದ್ದರೆ ಬೇರೆ ಯಾವ ಠಾಣೆಯಲ್ಲಾದರೂ ಕೊಡಬಹುದು. ಇದಕ್ಕೆ ಝೀರೋ ಎಫ್‌ಐಆರ್ ಅಂತಾರೆ. 2013ರಲ್ಲಿ ಆಸಾರಾಂ ವಿರುದ್ಧದ ದೂರು ದಾಖಲಾಗಿದ್ದು ದೆಹಲಿಯಲ್ಲಿ. ಘಟನೆ ನಡೆದಿದ್ದು ಜೋಧಪುರದ ಹತ್ತಿರ. ಹುಡುಗಿಯ ಅಪ್ಪ ಅಮ್ಮ ಸ್ವತಃ ಭಕ್ತರು. ಐದು ವರ್ಷದಲ್ಲಿ ಸಾಕ್ಷಿಗಳ ಮೇಲೆ ದಾಳಿಗಳಾದವು, ಕೊಲೆಗಳೂ ಆದವು. ಅಷ್ಟಾದರೂ ಆ ಕುಟುಂಬ ಹಿಂದೆ ಸರಿಯಲಿಲ್ಲ. 2018ರ ಏಪ್ರಿಲ್ 25ರಂದು ಜೋಧಪುರ ನ್ಯಾಯಾಲಯ ಆಸಾರಾಂಗೆ ಜೀವಾವಧಿ ಶಿಕ್ಷೆ ವಿಧಿಸಿತು.

‘ಖುಲಾಸೆ ಆಯ್ತಲ್ಲ, ಈಗೇನಂತೀರಿ?’

ಈ ಪ್ರಶ್ನೆ ನಮ್ಮ ರಾಜ್ಯದಲ್ಲಿ ಈಗ ಕೇಳಿಬರುತ್ತೆ. ಚಿತ್ರದುರ್ಗದ ಮುರುಘಾ ಮಠದ ಪೀಠಾಧಿಪತಿಗಳಾಗಿದ್ದ ಶಿವಮೂರ್ತಿ ಮುರುಘಾ ಶರಣರ ಮೇಲೆ 2022ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಪೋಕ್ಸೊ ದೂರು ದಾಖಲಾಗಿ, ಪ್ರಕರಣ ಚಿತ್ರದುರ್ಗಕ್ಕೆ ವರ್ಗವಾಯ್ತು. ಸೆಪ್ಟೆಂಬರ್ 1ರಂದು ಬಂಧನವಾಯ್ತು. 2025ರ ನವೆಂಬರ್‌ನಲ್ಲಿ ಚಿತ್ರದುರ್ಗದ ನ್ಯಾಯಾಲಯ ಮೊದಲ ಪ್ರಕರಣದಲ್ಲಿ ಅವರನ್ನ ಖುಲಾಸೆ ಮಾಡಿತು.

ಇದನ್ನ ಒಂದು ಕಡೆಯವರು ‘ನೋಡಿ, ಎಲ್ಲಾ ಸುಳ್ಳು’ ಅಂತ ಹೇಳ್ತಾರೆ, ಇನ್ನೊಂದು ಕಡೆಯವರು ‘ಎಲ್ಲಾ ಮುಚ್ಚಿಹಾಕಿದರು’ ಅಂತಾರೆ. ಎರಡೂ ಚಹಾ ಅಂಗಡಿ ತೀರ್ಪು. ಆರೋಪ ಬಂತು, ಪೊಲೀಸರು ತನಿಖೆ ಮಾಡಿದರು, ಸಾಕ್ಷ್ಯ ಕೋರ್ಟಿಗೆ ಹೋಯ್ತು, ಕೋರ್ಟ್ ತೀರ್ಪು ಕೊಟ್ಟಿತು. ಆರೋಪ ಹೊತ್ತವರ ಹೆಸರು ಕಾನೂನು ಪ್ರಕಾರ ತೊಳೆದುಹೋಗೋದೂ ಇದೇ ದಾರಿಯಲ್ಲಿ. ಕಮಿಟಿ ಕೊಠಡಿಯಲ್ಲಿ ‘ನಿರಪರಾಧಿ’ ಅನಿಸಿಕೊಂಡವರ ಬೆನ್ನ ಹಿಂದೆ ಊರು ಜೀವನಪೂರ್ತಿ ಗುಸುಗುಸು ಅಂತಲೇ ಇರುತ್ತೆ.

ಸುಳ್ಳು ದೂರಿನ ಭಯ ಇರೋರಿಗೂ ಕಾಯ್ದೆಯಲ್ಲಿ ಉತ್ತರ ಇದೆ. ದ್ವೇಷದಿಂದ ಬೇಕಂತಲೇ ಸುಳ್ಳು ದೂರು ಕೊಟ್ಟ ವಯಸ್ಕರಿಗೆ 22ನೇ ಕಲಂ ಪ್ರಕಾರ ಶಿಕ್ಷೆ ಇದೆ, ಮಗುವಿಗೆ ಇಲ್ಲ. ಒಳ್ಳೆ ಮನಸ್ಸಿಂದ ಮಾಹಿತಿ ಕೊಟ್ಟವರ ಮೇಲೆ, ಮುಂದೆ ಕೇಸ್ ಬಿದ್ದುಹೋದರೂ, ಆ ಕಾರಣಕ್ಕೆ ಯಾವ ಕ್ರಮವೂ ಇಲ್ಲ.

ವಾಟ್ಸ್ಆ್ಯಪ್ ಗ್ರೂಪ್ ಅಡ್ಮಿನ್‌ಗಳ ಗಮನಕ್ಕೆ

ವಿಷಯ ಹೊರಬಂದ ಕೂಡಲೇ ಇನ್ನೊಂದು ಅನಾಹುತ ಆಗೋದು ಮೊಬೈಲ್‌ನಲ್ಲಿ. ಮಗುವಿನ ಹೆಸರು, ಫೋಟೊ, ‘ಇಂಥವರ ಮಗಳಂತೆ’, ಎಫ್‌ಐಆರ್ ಪ್ರತಿ, ಎಲ್ಲಾ ಸಂಜೆಯೊಳಗೆ ಹರಿದಾಡುತ್ತೆ. ನ್ಯಾಯ ಸಿಗಲಿ ಅಂತ ಹಾಕಿದರೂ ಅಪರಾಧವೇ. ಮನೆ ವಿಳಾಸ, ಶಾಲೆ ಹೆಸರು, ಗುರುತು ಸಿಗೋ ಯಾವ ವಿವರವೂ ಹೊರಗೆ ಬರಬಾರದು. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ.

ಬದಲಾದವರೂ ಇದ್ದಾರೆ

ಇಸ್ಕಾನ್ ಸಂಸ್ಥೆ ತನ್ನ ಗುರುಕುಲಗಳಲ್ಲಿ 70, 80ರ ದಶಕದಲ್ಲಿ ಮಕ್ಕಳಿಗೆ ಆದ ದೌರ್ಜನ್ಯದ ಬಗ್ಗೆ 1998ರಲ್ಲಿ ತನ್ನದೇ ಪತ್ರಿಕೆಯಲ್ಲಿ ಸಮಾಜಶಾಸ್ತ್ರಜ್ಞರೊಬ್ಬರ ಲೇಖನ ಪ್ರಕಟಿಸಿತು. ಅದೇ ವರ್ಷ ಮಕ್ಕಳ ರಕ್ಷಣೆಗೆ ಪ್ರತ್ಯೇಕ ಕಚೇರಿ ತೆರೆಯಿತು. ಅದಾದ ಎರಡು ವರ್ಷಕ್ಕೆ ಹಳೆ ವಿದ್ಯಾರ್ಥಿಗಳು ಅಮೆರಿಕದಲ್ಲಿ ದಾವೆ ಹೂಡಿದರು, ಸಂಸ್ಥೆ ಪರಿಹಾರವನ್ನೂ ಕಟ್ಟಿಕೊಡಬೇಕಾಯ್ತು. ಪೋಪ್ ಫ್ರಾನ್ಸಿಸ್ 2019ರಲ್ಲಿ, ಇಂಥ ದೂರು ಗೊತ್ತಾದರೆ ಪಾದ್ರಿಗಳು ಮತ್ತು ಸನ್ಯಾಸಿನಿಯರು ಚರ್ಚಿನ ಮೇಲಧಿಕಾರಿಗಳಿಗೆ ತಿಳಿಸೋದು ಕಡ್ಡಾಯ ಮಾಡಿದರು. ಅದೇ ಡಿಸೆಂಬರಿನಲ್ಲಿ ಈ ಪ್ರಕರಣಗಳಿಗೆ ಇದ್ದ ‘ಪೋಪ್ ಗೌಪ್ಯತೆ’ಯ ನಿಯಮ ತೆಗೆದುಹಾಕಿದರು. ಎರಡೂ ಕಡೆ ತಡವಾಯ್ತು, ಅದರ ಬೆಲೆ ಮಕ್ಕಳು ಕಟ್ಟಿದರು.

ತಾಲೂಕು ಮಟ್ಟದ ಹಾಸ್ಟೆಲ್, ಪಾಠಶಾಲೆ, ಮದರಸಾ, ಭಾನುವಾರದ ಶಾಲೆಗಳಿಗೆ ಇಷ್ಟೆಲ್ಲ ದೊಡ್ಡ ಕಚೇರಿ ಬೇಕಿಲ್ಲ. ಮಕ್ಕಳಿಗೆ ಕಾಣೋ ಗೋಡೆ ಮೇಲೆ 1098 ಅಂತ ದೊಡ್ಡದಾಗಿ ಬರೆಸೋಕೆ ಒಂದು ಡಬ್ಬ ಬಣ್ಣ ಸಾಕು. ಅದು ಮಕ್ಕಳ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ತುರ್ತು ಇದ್ದರೆ 112. ಠಾಣೆಗೆ ಹೋಗಿ ಮಾಹಿತಿ ಕೊಟ್ಟರೆ ಅದನ್ನ ಬರೆದುಕೊಂಡು, ನಮೂದು ಸಂಖ್ಯೆ ಹಾಕಿ, ನಿಮಗೆ ಓದಿ ಹೇಳಬೇಕು. ಎಫ್‌ಐಆರ್ ಪ್ರತಿ ಉಚಿತ. ಅದನ್ನ ಕೇಳಿ ಪಡೆದೇ ಹೊರಗೆ ಬನ್ನಿ.